ಲಕ್ವ ಹೊಡೆದವರ ಕೈಯನ್ನು ಎಳೆಯಲು ಬಿಡಬೇಡಿ

ಮನೆಗೇ ಬಂದು ಫಿಸಿಯೋಥೆರಪಿ ಕೊಡುತ್ತೇವೆ ಎನ್ನುವ ಏಜೆನ್ಸಿಗೆ ತಿಂಗಳ ಹಣವನ್ನು ಮುಂಗಡವಾಗಿ ಕಟ್ಟುವ ಯೋಚನೆಯಲ್ಲಿದ್ದರೆ, ಇದನ್ನು ಓದಿ ಆಮೇಲೆ ನಿರ್ಧರಿಸಿ. ನಮ್ಮ ಮಾವನವರಿಗೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಚೀಟಿಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಎಂದು ಒಂದೇ ಸಾಲು ಬರೆದುಕೊಟ್ಟರು. ಯಾರ ಬಳಿ, ಎಂಥದ್ದು, ಎಷ್ಟು ಹೊತ್ತು ಎಂಬುದಿಲ್ಲ. ಇಂಥ ಏಜೆನ್ಸಿಗಳ ವ್ಯಾಪಾರ ನಡೆಯುವುದೇ ಆ ಖಾಲಿ ಜಾಗದಲ್ಲಿ.

ನಾವು ಮುಂಗಡ ಕಟ್ಟಿದ ಏಜೆನ್ಸಿಯಿಂದ ಬಂದ ಹುಡುಗನ ಮಾತು ಬಹಳ ನಯ. ಮಾವನವರ ಭುಜಕ್ಕೆ ಕರೆಂಟ್ ಯಂತ್ರದ ಪ್ಯಾಡ್ ಅಂಟಿಸಿ, ಪಕ್ಕದ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಿದ್ದ. ಯಂತ್ರ ಕುಂಯ್ ಎಂದ ಕೂಡಲೇ ಎದ್ದು, ಕಿಟಕಿಯ ಸರಳಿಗೆ ಕಟ್ಟಿದ ರಾಟೆಯ ಹಗ್ಗಕ್ಕೆ ಬಿದ್ದ ಕೈಯನ್ನು ಬಿಗಿದು, ಮಾವನವರ ಇನ್ನೊಂದು ಕೈಯಿಂದಲೇ ಅದನ್ನು ಮೇಲಕ್ಕೆ ಜಗ್ಗಿಸುತ್ತಿದ್ದ. ಮಾವ ಹಲ್ಲು ಕಚ್ಚಿದರೆ, ‘ನೋವಾದರೆ ತಾನೇ ಗುಣವಾಗುವುದು ಅಜ್ಜ’ ಎಂಬ ಸಮಾಧಾನ. ಮಂಚದಿಂದ ಎಬ್ಬಿಸುವಾಗಲೂ ಅದೇ ಕೈಯನ್ನು ಹಿಡಿದು ಎಳೆಯುತ್ತಿದ್ದ.

ಕೆಲವೇ ವಾರಗಳಲ್ಲಿ ಭುಜ ಮುಟ್ಟಗೊಡದಂತಾಯಿತು. ಪುನರ್ವಸತಿ ವೈದ್ಯೆಯೊಬ್ಬರು ಪರೀಕ್ಷಿಸಿ, ಭುಜದ ತುದಿಗೂ ತೋಳಿನ ಮೂಳೆಗೂ ನಡುವೆ ಬೆರಳು ಕೂರುವಷ್ಟು ಸಂದು ಬಿದ್ದಿರುವುದನ್ನು ತೋರಿಸಿದರು. ಪಾರ್ಶ್ವವಾಯುವಿನಲ್ಲಿ ಭುಜದ ಸುತ್ತಲಿನ ಸ್ನಾಯುಗಳು ಸಡಿಲವಾಗುತ್ತವೆ. ತೋಳಿನ ಭಾರವೇ ಕೀಲನ್ನು ಕೆಳಗೆ ಜಗ್ಗುತ್ತಿರುತ್ತದೆ. ಅಂಥ ಕೈಯನ್ನು ಎಳೆದರೆ ಕೀಲು ಇನ್ನಷ್ಟು ಜಾರುತ್ತದೆ. ಪಾರ್ಶ್ವವಾಯುವಾದವರಿಗೆ ತಲೆಯ ಮೇಲಿನ ರಾಟೆ ಬೇಡ ಎಂದು ಚಿಕಿತ್ಸಾ ಮಾರ್ಗಸೂಚಿಗಳೇ ಹೇಳುತ್ತವೆಯಂತೆ. ಎಬ್ಬಿಸುವಾಗ ಸೊಂಟಕ್ಕೆ, ಬೆನ್ನಿಗೆ ಆಸರೆ ಕೊಡಬೇಕು. ಕೂತಾಗ ಕೈಯ ಕೆಳಗೆ ದಿಂಬು ಇಡಬೇಕು. ಇಷ್ಟು ತಿಳಿಯದವನನ್ನು ‘ನರರೋಗ ಪರಿಣತ’ ಎಂದು ಕಳಿಸಿದ್ದರು!

ಆಕ್ಯುಪೇಷನಲ್ ಥೆರಪಿಯ ಬಗ್ಗೆ ಕೇಳಿದ್ದಕ್ಕೆ ಏಜೆನ್ಸಿಯಾಕೆ, ‘ಎರಡೂ ಒಂದೇ ಮೇಡಂ, ನಮ್ಮ ಹುಡುಗನೇ ಮಾಡುತ್ತಾನೆ’ ಎಂದಿದ್ದಳು. ಶುದ್ಧ ಸುಳ್ಳು. ಚಲನೆ, ಸಮತೋಲ, ನಡಿಗೆ ಫಿಸಿಯೋಥೆರಪಿಯ ಪಾಲು. ಉಣ್ಣುವುದು, ಸ್ನಾನ, ಬಟ್ಟೆ, ಶೌಚದಂಥ ದಿನದ ಕೆಲಸಗಳನ್ನು ಮತ್ತೆ ಸ್ವತಃ ಮಾಡಿಕೊಳ್ಳುವಂತೆ ಕಲಿಸುವುದು, ಅದಕ್ಕೆ ತಕ್ಕಂತೆ ಮನೆಯನ್ನು ಬದಲಿಸುವುದು ಆಕ್ಯುಪೇಷನಲ್ ಥೆರಪಿಯದು. ಎರಡಕ್ಕೂ ಬೇರೆ ಬೇರೆ ಪದವಿ ಇದೆ: ಫಿಸಿಯೋಥೆರಪಿಗೆ ಬಿಪಿಟಿ, ಆಕ್ಯುಪೇಷನಲ್ ಥೆರಪಿಗೆ ಬಿಒಟಿ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ ಮೀರಿದ ಓದು. ಇಂಥ ಆರೋಗ್ಯ ವೃತ್ತಿಗಳ ಕುರಿತ ಕೇಂದ್ರದ 2021ರ ಕಾಯ್ದೆ ಇವೆರಡನ್ನೂ ಪ್ರತ್ಯೇಕ ವೃತ್ತಿಗಳೆಂದೇ ಪಟ್ಟಿ ಮಾಡಿದೆ. ನಮ್ಮ ಮನೆಗೆ ಬಂದವನದು ಯಾವುದೋ ಅಲ್ಪಾವಧಿ ಸರ್ಟಿಫಿಕೇಟ್.

ನಿಜವಾದ ಆಕ್ಯುಪೇಷನಲ್ ಥೆರಪಿಸ್ಟ್ ಸಿಕ್ಕ ಮೇಲೆ ವ್ಯತ್ಯಾಸ ಕಣ್ಣಿಗೆ ಕಂಡಿತು. ಆಕೆ ಯಂತ್ರ ತರಲಿಲ್ಲ. ‘ನಿಮಗೆ ಮೊದಲು ಯಾವ ಕೆಲಸ ಸ್ವಂತ ಮಾಡಿಕೊಳ್ಳಬೇಕು ಅನ್ನಿಸುತ್ತದೆ?’ ಎಂದು ಮಾವನವರನ್ನೇ ಕೇಳಿದರು. ಊಟ ಎಂದರು ಮಾವ. ಎಡಗೈಯಲ್ಲಿ ಉಣ್ಣುವುದಕ್ಕೆ ಒಪ್ಪದೆ ಅರ್ಧ ಹೊಟ್ಟೆಯಲ್ಲೇ ಏಳುತ್ತಿದ್ದ ಮನುಷ್ಯ ಅವರು. ಚಮಚದ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿ ಬಲಗೈಗೆ ಕೊಟ್ಟು, ಮೊಣಕೈಯನ್ನು ಮೇಜಿನ ಮೇಲೆ ಊರಿಸಿ, ತಮ್ಮ ಕೈಯ ಆಸರೆಯಲ್ಲಿ ಮೊಸರನ್ನ ಬಾಯಿಗೆ ತಲುಪಿಸಿದರು. ಅರ್ಧ ಅಂಗಿಯ ಮೇಲೆ ಬಿತ್ತು, ಬೀಳಲಿ. ಅಂಗಿ ತೊಡುವಾಗ ಬಿದ್ದ ಕೈ ಮೊದಲು, ಕಳಚುವಾಗ ಕೊನೆಗೆ ಎಂದು ಅತ್ತೆಗೆ ಹೇಳಿಕೊಟ್ಟರು.

ಇಂಥವರು ಜಿಲ್ಲಾ ಕೇಂದ್ರಗಳಲ್ಲಿ ವಿರಳ, ನಿಜ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗವಿದೆ. ಮಣಿಪಾಲದಲ್ಲಿ ಬಿಒಟಿ ಪದವಿಯ ಓದೇ ಇದೆ. ಒಮ್ಮೆ ಹೋಗಿ ಯೋಜನೆ ಬರೆಸಿಕೊಂಡು ಬಂದರೂ, ಮನೆಗೆ ಬರುವ ಫಿಸಿಯೋಗೆ ಅದನ್ನು ತೋರಿಸಿ ಕೆಲಸ ಕೇಳಬಹುದು. ಪದವಿ ಪ್ರಮಾಣಪತ್ರ ತೋರಿಸಲು ಹಿಂಜರಿಯುವವರನ್ನು ಬಾಗಿಲಿನಿಂದಲೇ ಕಳಿಸಿ. ಹಣವನ್ನು ಆಯಾ ದಿನಕ್ಕೆ ಕೊಡಿ.

ನಮ್ಮ ಉಳಿದ ಹಣ ಕೇಳಿದ್ದಕ್ಕೆ ‘ಪ್ಯಾಕೇಜ್ ವಾಪಸ್ ಇಲ್ಲ’ ಎಂಬ ಉತ್ತರ ಬಂದಿದೆ. ರಸೀದಿ, ವಾಟ್ಸ್‌ಆ್ಯಪ್ ಸಂದೇಶ, ವೈದ್ಯೆಯ ವರದಿ ಜೋಡಿಸಿಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇವೆ. ಕಟ್ಟಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.