ವಾಲಗ ಕೇಳ್ತದೆ, ಮದುವೆ ಕಾಣಲ್ಲ: ಮೂರು ದಾರಿ ಹಿಡಿದು ಕೊನೆಗೆ ಕೆ-ಲೈಟ್‌ಗೆ ಬಂದೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರ್‌ನಲ್ಲಿ ಓಡದ ವಿಡಿಯೊ ಓಡಿಸೋದಕ್ಕೆ ನನ್ನ ಓಟು ಕೆ-ಲೈಟ್ ಕೋಡೆಕ್ ಪ್ಯಾಕ್‌ಗೆ. ಕೋಡೆಕ್ ಅಂದರೆ ಒತ್ತಿ ಚಿಕ್ಕದು ಮಾಡಿದ ವಿಡಿಯೊ ಬಿಚ್ಚಿ ತೋರಿಸುವ ತಂತ್ರಾಂಶ. ವಿಎಲ್‌ಸಿ ಪ್ಲೇಯರ್ ಎರಡನೇದು. ದುಡ್ಡು ಕೊಟ್ಟು ತಗೊಂಡ ಎಕ್ಸ್‌ಟೆನ್ಷನ್ ಕೊನೇದು. ವಿಎಲ್‌ಸಿ ಅಭಿಮಾನಿಗಳು ಬೈಯುವ ಮುಂಚೆ ನಮ್ಮ ಮಂಡ್ಯದ ಮನೆಯ ಕಂಪ್ಯೂಟರನ್ನೂ ಅದರ ಮುಂದೆ ಕೂರುವ ಅಪ್ಪನನ್ನೂ ಒಂದು ಸಲ ನೋಡಬೇಕು.

ಅಕ್ಕನ ಮದುವೆ ವಿಡಿಯೊ ಪೆನ್‌ಡ್ರೈವ್‌ನಲ್ಲಿ ಬಂತು. ರಿಸೆಪ್ಷನ್, ಮುಹೂರ್ತ, ಬೀಗರೂಟ ಅಂತ ಮೂರು ಫೈಲ್. ಜೊತೆಗೆ ನಾಲ್ಕು ನಿಮಿಷದ 4ಕೆ ಹೈಲೈಟ್ಸ್. ಅವ್ವ, ದೊಡ್ಡಮ್ಮ, ಎದುರು ಮನೆಯವರು ಎಲ್ಲ ಬಂದು ಕೂತರು. ಅಪ್ಪ ಮುಹೂರ್ತದ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರು. ವಾಲಗ ಜೋರಾಗಿ ಶುರುವಾಯಿತು. ಪರದೆ ಮಾತ್ರ ಕಪ್ಪಗೆ. “ಏನ್ಲಾ ಇದು, ವಾಲಗ ಕೇಳ್ತದೆ, ಮದ್ವೆ ಕಾಣಾಕಿಲ್ಲ!” ಅಂದರು ದೊಡ್ಡಮ್ಮ.

ಸ್ಟುಡಿಯೊದವರಿಗೆ ಫೋನ್ ಮಾಡಿದರೆ “ನಮ್ಮಲ್ಲಿ ಓಡುತ್ತಲ್ಲ ಸಾರ್” ಎಂದರು. ಅವರಲ್ಲಿ ಓಡದೆ ಏನು. ಫೈಲ್ ಎಲ್ಲ ಎಚ್‌ಇವಿಸಿ, ಅಂದರೆ ಎಚ್.265. ವಿಡಿಯೊ ಒತ್ತಿ ಚಿಕ್ಕದು ಮಾಡೋದಕ್ಕೆ 2013ರಲ್ಲಿ ಬಂದ ಪದ್ಧತಿ ಇದು. ಹಳೆಯ ಎಚ್.264ಗೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅದೇ ಗುಣಮಟ್ಟದ ಚಿತ್ರ ಕೂರಿಸುತ್ತದೆ. ಆದರೆ ಬಿಚ್ಚಿ ತೋರಿಸೋದಕ್ಕೆ ಪ್ರೊಸೆಸರ್ ಜಾಸ್ತಿ ದುಡಿಯಬೇಕು. ಇಂಟೆಲ್‌ನಲ್ಲಿ ಆರನೇ ತಲೆಮಾರಿನಿಂದ ಆ ಕೆಲಸಕ್ಕೆ ಚಿಪ್‌ನೊಳಗೇ ಬೇರೆ ಏರ್ಪಾಡಿದೆ. ಅಪ್ಪನದು ನಾಲ್ಕನೇ ತಲೆಮಾರಿನ ಐ3, ವಿಂಡೋಸ್ 10. ಅಲ್ಲಿಗೆ ಅರ್ಧ ಕಥೆ ಗೊತ್ತಾಯಿತು ಅಲ್ವಾ?

ದುಡ್ಡು ಕೊಟ್ಟರೆ ತಲೆನೋವು ಇರಲ್ಲ ಅಂದುಕೊಂಡು ಮೊದಲು ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ, ವಿಂಡೋಸ್‌ಗೆ ಎಚ್‌ಇವಿಸಿ ಓಡಿಸೋದು ಕಲಿಸುವ ಎಕ್ಸ್‌ಟೆನ್ಷನ್ ಕೊಂಡೆ. ಬೆಲೆ ದೊಡ್ಡದಲ್ಲ, ದೋಸೆ-ಕಾಫಿ ದುಡ್ಡು. ತಲೆನೋವು ಬಂದಿದ್ದು ಬೇರೆ ಕಡೆಯಿಂದ.

ಕೊಳ್ಳೋದಕ್ಕೆ ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಅಪ್ಪನಿಗೆ ಇಲ್ಲ, ನನ್ನದು ಹಾಕಿದೆ. ಒಳಗೆ ಹೋದ ಮೇಲೆ ಒಂದು ಕಿಟಕಿ ಬರುತ್ತದೆ: ಈ ಅಕೌಂಟನ್ನು ಇಡೀ ಕಂಪ್ಯೂಟರ್‌ಗೆ ಬಳಸಬೇಕಾ, ಬರೀ ಆ್ಯಪ್‌ಗಳಿಗಾ? ಬರೀ ಆ್ಯಪ್‌ಗಳಿಗೆ ಅನ್ನೋದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಾನು ಮೈಸೂರಿನ ಕೊನೆ ಬಸ್ಸಿನ ಅವಸರದಲ್ಲಿದ್ದೆ, ಓದಲಿಲ್ಲ. ನೆಕ್ಸ್ಟ್ ಒತ್ತಿದೆ. ಪಿನ್ ಕೇಳಿತು, ಕೈಗೆ ಬಂದ ನಾಲ್ಕು ಅಂಕಿ ಹಾಕಿದೆ. ಮುಹೂರ್ತದ ಫೈಲ್ ಚೆನ್ನಾಗಿ ಓಡಿತು. ಚೀಲ ಎತ್ತಿಕೊಂಡು ಹೊರಟೆ.

ಬೆಳಿಗ್ಗೆ ಆರೂವರೆಗೆ ಅಪ್ಪನ ಫೋನ್. “ಕಂಪ್ಯೂಟ್ರು ನಿನ್ನ ಹೆಸ್ರು ಹೇಳ್ತಾ ಅದೆ. ನನ್ನ ಪಾಸ್‌ವರ್ಡ್ ತಗೋತಿಲ್ಲ.” ನಾನು ಹಾಕಿದ ಪಿನ್ ನನಗೇ ನೆನಪಿಲ್ಲ. ಹುಟ್ಟಿದ ವರ್ಷ, ಮನೆ ನಂಬರು, ಹಳೆ ಸ್ಕೂಟರ್ ನಂಬರು ಎಲ್ಲ ಫೋನಿನಲ್ಲೇ ಹೇಳಿ ಹಾಕಿಸಿದೆ. ಆಮೇಲೆ ನನ್ನ ಉದ್ದನೆಯ ಪಾಸ್‌ವರ್ಡ್ ಒಂದೊಂದೇ ಅಕ್ಷರ ಹೇಳಿದೆ. “ದೊಡ್ಡ ಎಸ್ಸೋ ಚಿಕ್ಕ ಎಸ್ಸೋ?” ಅಂತ ಅವರು, “ದೊಡ್ಡದು ಅಪ್ಪಾಜಿ” ಅಂತ ನಾನು. ಪಕ್ಕದ ರೂಮಿನ ಹುಡುಗ ಎದ್ದು ಬಂದು ನೋಡಿದ. ಕೊನೆಗೂ ಒಳಗೆ ಹೋದರು. ಆ ಭಾನುವಾರ ಮತ್ತೆ ಮಂಡ್ಯಕ್ಕೆ ಹೋಗಿ ಅಕೌಂಟನ್ನು ಮೊದಲಿನಂತೆ ಲೋಕಲ್, ಅಂದರೆ ಆ ಕಂಪ್ಯೂಟರ್‌ಗಷ್ಟೇ ಸೇರಿದ್ದು ಮಾಡಿದೆ, ನನ್ನ ಪಾಸ್‌ವರ್ಡ್ ಬದಲಾಯಿಸಿದೆ. ದೋಸೆ-ಕಾಫಿ ದುಡ್ಡಿನ ಸಾಮಾನಿಗೆ ಬಸ್ ಚಾರ್ಜೇ ಜಾಸ್ತಿ ಆಯಿತು.

ಇನ್ನೊಂದು ಮಾತು. ಆ ಎಕ್ಸ್‌ಟೆನ್ಷನ್ ಎಚ್‌ಇವಿಸಿ ಒಂದನ್ನೇ ಕಲಿಸುತ್ತದೆ. ಚಿಕ್ಕಪ್ಪನ ಮದುವೆಯ ಹಳೆ ಡಿವಿಡಿಗೆ ಅದರಿಂದ ಏನೂ ಉಪಯೋಗ ಇಲ್ಲ.

ವಿಎಲ್‌ಸಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪ್ಯಾರಿಸ್‌ನ ಕಾಲೇಜು ಹುಡುಗರ ಕೈಯಲ್ಲಿ 1996ರಲ್ಲಿ ಶುರುವಾದದ್ದು, ಪುಕ್ಕಟೆ, ಕೋಡೆಕ್ ಎಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ವಾಲ್ಯೂಮ್ ನೂರು ದಾಟಿ 125ರವರೆಗೆ ಹೋಗುತ್ತದೆ, ದೊಡ್ಡಮ್ಮನಿಗೆ ಅದು ಹಿಡಿಸಿತು. ಆದರೆ ಅಪ್ಪ ಸಿನಿಮಾ ನೋಡಿದ ಹಾಗೆ ಮದುವೆ ನೋಡಲ್ಲ. ತಮ್ಮ ಮುಖ ಬರುವ ಜಾಗಕ್ಕೆ ಹಾರುತ್ತಾರೆ, ಹಿಂದಕ್ಕೆ ಬರುತ್ತಾರೆ, ಮತ್ತೆ ಹಾರುತ್ತಾರೆ. ಆ ಹಳೆ ಯಂತ್ರದಲ್ಲಿ ಹಾಗೆ ಹಾರಿದಾಗಲೆಲ್ಲ ವಿಎಲ್‌ಸಿಯಲ್ಲಿ ಒಂದೆರಡು ಸೆಕೆಂಡು ಚಿತ್ರ ಬೂದಿ ಬಳಿದ ಹಾಗೆ ಆಗುತ್ತಿತ್ತು. ಧಾರೆ ಎರೆಯುವ ಕೈ ಇರಬೇಕಾದ ಕಡೆ ಬೂದು ಚೌಕಗಳು. “ಫೈಲ್ ಕೆಟ್ಟೋಗದೆ” ಅಂತ ಅವರು ತೀರ್ಮಾನ ಮಾಡಿಬಿಟ್ಟರು.

ಕೆ-ಲೈಟ್ ಹಾಕುವಾಗ ನಾನೇ ಒಮ್ಮೆ ಎಡವಿದೆ. ಹುಡುಕಿದಾಗ ಮೇಲೆ ಬಂದ ಯಾವುದೋ ಸೈಟಿನ ದೊಡ್ಡ ಹಸಿರು ಬಟನ್ ಒತ್ತಿ, ಬ್ರೌಸರ್‌ಗೆ ಬೇಡದ ಟೂಲ್‌ಬಾರ್ ಅಂಟಿಸಿಕೊಂಡೆ. ಕೋಡೆಕ್ ಗೈಡ್ ಅನ್ನೋ ಅದರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ. ಬೇಸಿಕ್, ಸ್ಟ್ಯಾಂಡರ್ಡ್, ಫುಲ್, ಮೆಗಾ ಅಂತ ನಾಲ್ಕು ಬಗೆ ಇವೆ. ಸ್ಟ್ಯಾಂಡರ್ಡ್ ಸಾಕು. ಅದರಲ್ಲಿ ವಿಡಿಯೊ ಬಿಚ್ಚುವ ಕೆಲಸ ಮಾಡುವ ಎಲ್‌ಎವಿ ಫಿಲ್ಟರ್‌ಗಳ ಜೊತೆ ಎಂಪಿಸಿ-ಎಚ್‌ಸಿ ಪ್ಲೇಯರ್ ಕೂಡ ಬರುತ್ತದೆ.

ಹಾಕಿದ ಮೇಲೂ ಡಬಲ್ ಕ್ಲಿಕ್ ಮಾಡಿದರೆ ಮೊದಲಿನ ಪ್ಲೇಯರೇ ತೆರೆದುಕೊಳ್ಳುತ್ತದೆ. ವಿಂಡೋಸ್ 10ರ ಮೂವೀಸ್ ಆ್ಯಂಡ್ ಟಿವಿ ಹೊರಗಿನ ಇಂಥ ಕೋಡೆಕ್ ಪ್ಯಾಕ್‌ಗಳನ್ನು ಮುಟ್ಟುವುದೇ ಇಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್, ‘ಓಪನ್ ವಿತ್’, ಎಂಪಿಸಿ-ಎಚ್‌ಸಿ ಆರಿಸಿ ‘ಆಲ್ವೇಸ್’ ಟಿಕ್ ಮಾಡಿ. ಎಂಪಿ4 ಬಗೆಯ ಫೈಲ್‌ಗೆ ಒಂದು ಸಲ, ಎಂಕೆವಿ ಬಗೆಯದಕ್ಕೆ ಇನ್ನೊಂದು ಸಲ. ಇದು ಗೊತ್ತಿಲ್ಲದೆ ನಾನು ಸುಮ್ನೆ ಕೆ-ಲೈಟನ್ನು ಎರಡು ಸಲ ತೆಗೆದು ಮತ್ತೆ ಹಾಕಿದ್ದೆ.

ಆಮೇಲೆ ಅಪ್ಪ ಡಬಲ್ ಕ್ಲಿಕ್ ಮಾಡಿದರು. ಬೂದು ಬಣ್ಣದ ಅಂಚು, ಕೆಳಗೆ ಸಣ್ಣ ಸಣ್ಣ ಚೌಕ ಬಟನ್. “ಇದು ನಮ್ಮಾಫೀಸಿನ ಹಳೇದಲ್ವೇನೋ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಎಂಪಿಸಿಯನ್ನು ವಿಂಡೋಸ್ 98 ಕಾಲದ ಮೀಡಿಯಾ ಪ್ಲೇಯರ್ 6.4ರ ಮುಖಕ್ಕೆ ಹೊಂದಿಸಿಯೇ ಮಾಡಿದ್ದು. ಅವರಿಗೆ ಏನೂ ಹೇಳಿಕೊಡಬೇಕಾಗಲಿಲ್ಲ. ಎಷ್ಟು ಹಾರಿಸಿದರೂ ಚಿತ್ರ ಒಡೆಯಲಿಲ್ಲ. ಚಿಕ್ಕಪ್ಪನ ಡಿವಿಡಿಯೂ ಅದರಲ್ಲೇ ಓಡಿತು.

4ಕೆ ಹೈಲೈಟ್ಸ್ ಮಾತ್ರ ಮೂರರಲ್ಲೂ ಮುಗ್ಗರಿಸಿತು. ಅದು ಕೋಡೆಕ್ ತಪ್ಪಲ್ಲ, ಐ3ಗೆ ಶಕ್ತಿ ಸಾಲದು. ವಿಡಿಯೊ ಬಗೆ ಬದಲಾಯಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 1080ರ ಎಚ್.264ಗೆ ಬದಲಾಯಿಸಿಕೊಂಡೆ. ನಾಲ್ಕು ನಿಮಿಷದ ತುಣುಕಿಗೆ ಪೇಪರ್ ಓದಿ ಮುಗಿಸುವಷ್ಟು ಹೊತ್ತು ಹಿಡಿಯಿತು.

ಹೊಸ ಲ್ಯಾಪ್‌ಟಾಪ್ ಇದ್ದು, ಫೋನಿನ ವಿಡಿಯೊ ಬಿಟ್ಟು ಬೇರೇನೂ ನೋಡದವರು ಎಕ್ಸ್‌ಟೆನ್ಷನ್ ಕೊಳ್ಳಬಹುದು. ನಾನು ಕೊಂಡಿದ್ದು ಈಗ ಮೈಸೂರಿನ ನನ್ನ ಎಂಟನೇ ತಲೆಮಾರಿನ ಲ್ಯಾಪ್‌ಟಾಪ್‌ನಲ್ಲಿದೆ, ಫ್ಯಾನ್ ಸದ್ದೂ ಬರದ ಹಾಗೆ ಓಡುತ್ತದೆ. ಮಂಡ್ಯದಲ್ಲಿ ಅಪ್ಪ ಬೀಗರೂಟದ ಫೈಲ್‌ಗೆ ಬಂದಿದ್ದಾರೆ. ಮುದ್ದೆ ಬಡಿಸುವಾಗ ತಮ್ಮ ಎಲೆಗೆ ಮೊದಲು ಬಿದ್ದದ್ದು ಎಷ್ಟು ಅಂತ ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿ ಅವ್ವನಿಗೆ ತೋರಿಸುತ್ತಾರಂತೆ.