ಬೀಮಿಷ್‌ನ 1950ರ ದಶಕದ ಪೇಟೆ: ಅಲ್ಲಿ ಬೆಳೆದವರ ಜೊತೆ ನೋಡಿದಾಗ

ಇಂಗ್ಲೆಂಡಿನ ಈಶಾನ್ಯದ ಡರ್ಹಮ್ ಕೌಂಟಿಯಲ್ಲಿ, ಹಳೆಯ ಕಾಲದ ಬೀದಿ, ಮನೆ, ಅಂಗಡಿಗಳನ್ನು ಮತ್ತೆ ಕಟ್ಟಿ ತೋರಿಸುವ ಬೀಮಿಷ್ ಬಯಲು ವಸ್ತುಸಂಗ್ರಹಾಲಯಕ್ಕೆ ಹಿಂದೊಮ್ಮೆ ನಾನೊಬ್ಬಳೇ ಹೋಗಿ, ಟ್ರಾಮಿನಲ್ಲಿ ಸುತ್ತಾಡಿ, ಗಣಿಹಳ್ಳಿ ನೋಡಿ ಬಂದಿದ್ದೆ. ಈ ಸಲ ನೆರೆಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆ. ಅವರು 1942ರಲ್ಲಿ ಸಂಡರ್‌ಲ್ಯಾಂಡಿನಲ್ಲಿ ಹುಟ್ಟಿದವರು. ತಂದೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅವರ ಜೊತೆ ನೋಡಿದ ಮೇಲೆ, ಇಲ್ಲಿನ 1950ರ ದಶಕದ ಪೇಟೆಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ತಿಳಿಯಿತು.

ಕಾಫಿ ಅಂಗಡಿ, ಕೇಶಾಲಂಕಾರದ ಅಂಗಡಿ, ಗಣಿ ಕೆಲಸ ಮಾಡುತ್ತಲೇ ಚಿತ್ರ ಬರೆದ ನಾರ್ಮನ್ ಕಾರ್ನಿಷ್ ಅವರ ಮನೆಯ ಪ್ರತಿರೂಪ, ಇವೆಲ್ಲ ಒಂದೇ ಸಾಲಿನಲ್ಲಿವೆ. ಅಚ್ಚುಕಟ್ಟಾಗಿ ಕಟ್ಟಿದ್ದಾರೆ. ಆದರೆ ನಮ್ಮ ಹಿರಿಯರು ಹೆಚ್ಚು ಹೊತ್ತು ನಿಂತದ್ದು ಕೌನ್ಸಿಲ್ ಮನೆಯ, ಅಂದರೆ ಸ್ಥಳೀಯ ಆಡಳಿತ ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದಂಥ ಮನೆಯ, ಸ್ನಾನದ ಕೋಣೆಯ ಬಾಗಿಲಲ್ಲಿ. ಎಂಟು ವರ್ಷ ತುಂಬುವವರೆಗೆ ಅವರಿಗೆ ಸ್ನಾನವೆಂದರೆ ವಾರಕ್ಕೊಮ್ಮೆ ಒಲೆಯ ಮುಂದೆ ಇಡುತ್ತಿದ್ದ ತಗಡಿನ ತೊಟ್ಟಿ. ಶೌಚಾಲಯ ಹಿತ್ತಲಿನ ಕೊನೆಯಲ್ಲಿತ್ತು, ಅದನ್ನು ಆ ಕಡೆಯ ಆಡುಮಾತಿನಲ್ಲಿ ‘ನೆಟ್ಟಿ’ ಎನ್ನುತ್ತಾರೆ. 1947ರ ಚಳಿಗಾಲದಲ್ಲಿ ಹಿಮ ವಾರಗಟ್ಟಲೆ ಕರಗದೆ, ಕಲ್ಲಿದ್ದಲೂ ಸಾಲದೆ ಇದ್ದಾಗ, ರಾತ್ರಿ ಅಲ್ಲಿಗೆ ಹೋಗುವ ತಮ್ಮಂದಿರಿಗಾಗಿ ಅವರು ಮೇಣದಬತ್ತಿ ಹಿಡಿದು ನಿಲ್ಲುತ್ತಿದ್ದರಂತೆ. ಕೌನ್ಸಿಲ್ ಮನೆ ಸಿಕ್ಕ ದಿನ ಅವರ ತಾಯಿ ಬಿಸಿನೀರಿನ ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದ್ದನ್ನು ಹೇಳುವಾಗ ಅವರ ಕೈಯೂ ಹಾಗೆಯೇ ತಿರುಗುತ್ತಿತ್ತು. ಇಂಥ ಮನೆಯನ್ನು ಯಾವ ಹಗ್ಗವೂ ಅಡ್ಡವಿಲ್ಲದೆ ಒಳಹೊಕ್ಕು ನೋಡಲು ಬಿಡುವುದು ಎಷ್ಟು ದೊಡ್ಡ ಉಪಕಾರವೆಂದು ನನಗೆ ಆಗ ಅರ್ಥವಾಯಿತು.

ಮೀನು ಮತ್ತು ಚಿಪ್ಸ್ ಅಂಗಡಿಯಲ್ಲಿ ನಿಂತು ತಿಂದೆವು. ಯುದ್ಧಕಾಲದಲ್ಲೂ ಆ ತಿನಿಸಿಗೆ ಪಡಿತರದ ಮಿತಿ ಇರಲಿಲ್ಲ. ಮಿಠಾಯಿಯ ಕತೆ ಬೇರೆ. 1949ರ ಏಪ್ರಿಲ್‌ನಲ್ಲಿ ಮಿತಿಯನ್ನು ತೆಗೆದಾಗ ಅಂಗಡಿಗಳೆಲ್ಲ ಬರಿದಾಗಿ, ಆಗಸ್ಟ್‌ನಲ್ಲಿ ಮತ್ತೆ ಹೇರಬೇಕಾಯಿತು. ಅದು ಕೊನೆಗೊಂಡದ್ದು 1953ರ ಫೆಬ್ರವರಿ 5ರಂದು. ಆವರಣದಲ್ಲೇ ಇರುವ ಇನ್ನೂ ಹಳೆಯ ಕಾಲದ ಪೇಟೆಯಲ್ಲಿ ಮಿಠಾಯಿಯನ್ನು ಕಣ್ಣೆದುರೇ ತಯಾರಿಸುತ್ತಾರೆ. ಅಲ್ಲಿ ಅವರು ಒಂದು ಪೊಟ್ಟಣ ಕೊಂಡು, ಒಂದೇ ಒಂದು ಚೂರು ಬಾಯಿಗಿಟ್ಟು, ಬಾಯಿ ಮಡಚಿದ ಪೊಟ್ಟಣವನ್ನು ಕೋಟಿನ ಒಳಜೇಬಿಗೆ ಸೇರಿಸಿದರು. ಮನೆ ಮುಟ್ಟುವವರೆಗೆ ಅದನ್ನು ಮತ್ತೆ ತೆರೆಯಲಿಲ್ಲ.

ಹೋಗುವವರು ದಯವಿಟ್ಟು ಅವಸರ ಮಾಡಬೇಡಿ. ಆವರಣ ಬಹಳ ವಿಶಾಲವಾಗಿರುವುದರಿಂದ, ವಯಸ್ಸಾದವರಿದ್ದರೆ 1950ರ ಪೇಟೆಗೇ ಅರ್ಧ ದಿನ ಮೀಸಲಿಡುವುದು ಒಳ್ಳೆಯದು. ಒಮ್ಮೆ ಕೊಂಡ ಟಿಕೆಟ್ಟಿನಲ್ಲಿ ವರ್ಷವಿಡೀ ಮತ್ತೆ ಮತ್ತೆ ಹೋಗಬಹುದು. ಸಂಡರ್‌ಲ್ಯಾಂಡಿಗೆ ಹತ್ತಿರದ ರೈಹೋಪ್‌ನಲ್ಲಿದ್ದ ಗ್ರ್ಯಾಂಡ್ ಸಿನಿಮಾ ಮಂದಿರವೂ ಈಗ ಇಲ್ಲಿ ಎದ್ದು ನಿಂತಿದೆ. ಸಂಜೆಯಾದ್ದರಿಂದ ನಾವು ಅದರ ಒಳಗೆ ಹೋಗಲಾಗಲಿಲ್ಲ. ಮುಂದಿನ ಸಲ ಮೊದಲು ಅಲ್ಲಿಗೇ ಹೋಗಬೇಕೆಂದು ಅವರು ಈಗಾಗಲೇ ಎರಡು ಬಾರಿ ನೆನಪಿಸಿದ್ದಾರೆ.