ಮಕ್ಕಳು: ಇದ್ದಾರೆ / ಇಲ್ಲ. ಮರುಸಂಗಾತಿ ಹುಡುಕಿಕೊಡುವ ಸೇವೆಗಳ ವಿಮರ್ಶೆ

ಸಂಗಾತಿ ಹುಡುಕುವ ಆ್ಯಪ್‌ಗಳಲ್ಲಿ ಹೆಸರು, ವಯಸ್ಸು, ಎತ್ತರ ಎಲ್ಲ ತುಂಬಿ ಮುಂದೆ ಹೋದರೆ ಒಂದು ಪುಟ್ಟ ಪ್ರಶ್ನೆ ಎದುರಾಗುತ್ತದೆ: ಮಕ್ಕಳು? ಕೆಳಗೆ ಸಾಮಾನ್ಯವಾಗಿ ಎರಡೋ ಮೂರೋ ಆಯ್ಕೆ. ಇಲ್ಲ. ಇದ್ದಾರೆ, ಜೊತೆಗಿದ್ದಾರೆ. ಇದ್ದಾರೆ, ಜೊತೆಗಿಲ್ಲ. ಸಂಗಾತಿಯ ಜೊತೆ ಮಕ್ಕಳನ್ನೂ ಕಳೆದುಕೊಂಡವರು ಫೋನ್ ಪಕ್ಕಕ್ಕಿಟ್ಟು ಎದ್ದುಬಿಡುವುದು ಇಲ್ಲೇ. ‘ಇಲ್ಲ’ ಅಂತ ಒತ್ತಿದರೆ ಆ ಮಗು ಹುಟ್ಟೇ ಇರಲಿಲ್ಲ ಅಂತ ರುಜು ಹಾಕಿಕೊಟ್ಟ ಹಾಗೆ. ‘ಇದ್ದಾರೆ, ಜೊತೆಗಿಲ್ಲ’ ಅಂದರೆ ಪರಿಚಯವಾದ ಹತ್ತು ನಿಮಿಷದೊಳಗೆ ‘ಎಲ್ಲಿ ಓದ್ತಿದ್ದಾರೆ?’ ಅನ್ನುವ ಮಾತು ಬರುತ್ತದೆ.

ಹಾಗಾಗಿ ಇಲ್ಲಿ ಸೇವೆಗಳನ್ನು ಅಳೆದಿರುವುದು ಎಷ್ಟು ಸದಸ್ಯರಿದ್ದಾರೆ, ಎಷ್ಟು ಬೇಗ ಜೋಡಿ ಕೂಡಿಸುತ್ತಾರೆ ಅನ್ನುವುದರ ಮೇಲಲ್ಲ. ತೀರಿಹೋದವರನ್ನು ಬಚ್ಚಿಡದೆ, ಹಾಗೆಂದು ಅವರನ್ನೇ ಮುಂದೆ ನಿಲ್ಲಿಸಿಕೊಳ್ಳದೆ, ಒಬ್ಬ ಮನುಷ್ಯ ತನ್ನ ಪರಿಚಯ ಹೇಳಿಕೊಳ್ಳಲು ಜಾಗ ಇದೆಯೇ ಅನ್ನುವುದಷ್ಟೇ ಅಳತೆಗೋಲು. ಕಂಪನಿಗಳ ಹೆಸರು ಹಾಕಿಲ್ಲ. ಆ್ಯಪ್‌ಗಳ ಪರದೆ ಆಗಾಗ ಬದಲಾಗುತ್ತಲೇ ಇರುತ್ತದೆ, ಬಗೆಗಳು ಮಾತ್ರ ನಾಲ್ಕೇ: ಫೋಟೋ ನೋಡಿ ಬೆರಳಲ್ಲಿ ಸರಿಸುವ ಆ್ಯಪ್, ವಿವರ ತುಂಬಿ ಹುಡುಕುವ ವೆಬ್‌ಸೈಟ್, ಸಂಗಾತಿ ತೀರಿಕೊಂಡವರಿಗೆಂದೇ ಇರುವ ತಾಣ, ಮನುಷ್ಯರೇ ನಡುವೆ ನಿಂತು ಪರಿಚಯಿಸುವ ಏಜೆನ್ಸಿ.

ಮೊದಲು ಆ ಪ್ರಶ್ನೆಯನ್ನೇ ಬಗೆಹರಿಸಿಕೊಳ್ಳೋಣ. ಅದು ನಿಮ್ಮ ಜೀವನಚರಿತ್ರೆ ಕೇಳುತ್ತಿಲ್ಲ, ಬೇರೆಯವರ ಹುಡುಕಾಟಕ್ಕೆ ಜರಡಿ ಹಿಡಿಯುತ್ತಿದೆ. ‘ಮಕ್ಕಳಿರುವವರು ಬೇಡ’ ಎಂದು ಜರಡಿ ಇಟ್ಟವರಿಗೆ ನೀವು ಕಾಣಬೇಕೋ ಬೇಡವೋ ಎಂದು ತೀರ್ಮಾನಿಸುವುದಷ್ಟೇ ಅದರ ಕೆಲಸ. ಬಿಟ್ಟು ಮುಂದೆ ಹೋಗಲು ಅವಕಾಶ ಇದ್ದರೆ ಖಾಲಿ ಬಿಡಿ. ‘ಹೇಳಲು ಇಷ್ಟವಿಲ್ಲ’ ಅಂತಿದ್ದರೆ ಅದನ್ನೇ ಒತ್ತಿ. ತುಂಬಲೇಬೇಕು ಅಂತಿದ್ದರೆ ‘ಇಲ್ಲ’ ಆಯ್ದುಕೊಂಡು, ‘ನನ್ನ ಬಗ್ಗೆ’ ಭಾಗದ ಮೊದಲ ಸಾಲಲ್ಲೇ ಸರಿಪಡಿಸಿ. ಮೊದಲ ಸಾಲೇ ಏಕೆಂದರೆ ಪಟ್ಟಿಯಲ್ಲಿ ಎರಡು ಮೂರು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ‘ಇನ್ನಷ್ಟು’ ಗುಂಡಿಯ ಹಿಂದೆ ಅಡಗಿ ಕೂರುತ್ತದೆ. ನಾಲ್ಕು ವಾಕ್ಯ ಸಾಕು:

‘ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದೇನೆ. ಅವರ ಬಗ್ಗೆ ಮಾತಾಡುತ್ತೇನೆ, ಆದರೆ ಮೊದಲ ದಿನವೇ ಅಲ್ಲ. ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇನೆ, ಕೆಟ್ಟ ರೇಡಿಯೊ ಸಿಕ್ಕಿದರೆ ಬಿಚ್ಚಿ ಕೂರುತ್ತೇನೆ. ನಿಧಾನವಾಗಿ ಪರಿಚಯವಾಗುವವರು ಬೇಕು.’

ಇದರಲ್ಲಿ ಏನೇನು ಇಲ್ಲ ಅನ್ನುವುದನ್ನೂ ಗಮನಿಸಿ. ಹೆಸರುಗಳಿಲ್ಲ, ಸಾವಿನ ದಿನಾಂಕ ಇಲ್ಲ, ಕಾರಣ ಇಲ್ಲ, ‘ಒಬ್ಬನೇ ಇದ್ದೇನೆ’ ಅನ್ನುವ ಮಾತಿಲ್ಲ. ಅಪಘಾತ ಎಂದು ಬರೆದರೆ ಓದುವವರಲ್ಲಿ ಕೆಲವರಿಗೆ ಮೊದಲು ಹೊಳೆಯುವುದು ವಿಮೆಯ ಹಣ. ಅವರ ವಿಷಯಕ್ಕೆ ಆಮೇಲೆ ಬರೋಣ.

ಫೋಟೋದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಚೆನ್ನಾಗಿ ಬಂದ ಫೋಟೋ ಅಂತ ಇರುವುದು ಹಳೆಯ ಕುಟುಂಬದ ಫೋಟೋ ಮಾತ್ರ, ಅದನ್ನೇ ಕತ್ತರಿಸಿ ಹಾಕುತ್ತಾರೆ. ಹೆಗಲ ಮೇಲೆ ಯಾರದೋ ನಾಲ್ಕು ಬೆರಳು, ಮೊಣಕಾಲ ಹತ್ತಿರ ಒಂದು ಪುಟ್ಟ ಬೂಟು ಉಳಿದಿರುತ್ತದೆ. ನೋಡಿದವರು ವಿಚ್ಛೇದನ ಎಂದುಕೊಳ್ಳುತ್ತಾರೆ, ಇಲ್ಲವೇ ಮದುವೆಯಾದವರೇ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಹೊಸದಾಗಿ ಮೂರು ಫೋಟೋ ತೆಗೆಸಿ: ಕಿಟಕಿ ಬೆಳಕಲ್ಲಿ ಮುಖ, ನಿಂತಿರುವ ಪೂರ್ತಿ ಚಿತ್ರ, ಏನಾದರೂ ಕೆಲಸ ಮಾಡುತ್ತಿರುವುದು ಒಂದು. ಮಕ್ಕಳ ಫೋಟೋ ಬೇಡವೇ ಬೇಡ. ಅದು ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ, ವಾಪಸ್ ತೆಗೆದುಕೊಳ್ಳಲೂ ಆಗುವುದಿಲ್ಲ.

ಇನ್ನು ಸೇವೆಗಳು. 2012ರಲ್ಲಿ ಟಿಂಡರ್ ಬಂದ ಮೇಲೆ ಹಬ್ಬಿದ ಸರಿಸುವ ಆ್ಯಪ್‌ಗಳಿಗೆ ಐದಕ್ಕೆ ಎರಡು ಅಂಕ. ಜನ ಹೆಚ್ಚು, ಹೊಸಬರು ದಿನಾ ಸಿಗುತ್ತಾರೆ, ನಿಜ. ಆದರೆ ಮುಖ ನೋಡಿ ಎರಡು ಸೆಕೆಂಡಿಗೆ ತೀರ್ಮಾನ ಮಾಡುವ ಕಡೆ ನಿಮ್ಮ ನಾಲ್ಕು ವಾಕ್ಯ ಓದುವವರು ಕಡಿಮೆ. ಮಾತು ಶುರುವಾಗಿ ಮೂರನೇ ದಿನಕ್ಕೆ ಎದುರಿನವರು ಹೇಳದೆ ಕೇಳದೆ ಮಾಯವಾಗುವುದು ಅಲ್ಲಿ ಮಾಮೂಲು. ಬೇರೆಯವರಿಗೆ ಅದು ಕಿರಿಕಿರಿ. ಒಂದು ದಿನ ಬೆಳಿಗ್ಗೆ ಹೊರಟವರು ಮತ್ತೆ ಬಾರದೇ ಹೋದ ಮನೆಯವರಿಗೆ ಅದೇ ಹಳೆಯ ಗಾಯದ ಮೇಲೆ ಬಿದ್ದ ಏಟು. ಇದನ್ನು ಪೂರ್ತಿಯಾಗಿ ತಡೆಯುವ ಸೌಲಭ್ಯ ಯಾವ ಆ್ಯಪಿನಲ್ಲೂ ಇಲ್ಲ. ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಜನರ ಜೊತೆ ಮಾತು ಬೆಳೆಸದಿರುವುದೇ ಇರುವ ಉಪಾಯ.

ವಿವರ ತುಂಬುವ ವೆಬ್‌ಸೈಟ್‌ಗಳಿಗೆ ಮೂರು. ವೈವಾಹಿಕ ಸ್ಥಿತಿ ಅನ್ನುವಲ್ಲಿ ‘ಸಂಗಾತಿ ತೀರಿಕೊಂಡಿದ್ದಾರೆ’ ಅಂತ ಪ್ರತ್ಯೇಕ ಆಯ್ಕೆ ಇರುತ್ತದೆ, ಹಾಗೇ ಹುಡುಕಲೂಬಹುದು. ತೊಂದರೆ ಏನೆಂದರೆ ಅನೇಕ ಖಾತೆಗಳನ್ನು ಅಣ್ಣನೋ ಅಕ್ಕನೋ ನಡೆಸುತ್ತಿರುತ್ತಾರೆ. ‘ಈ ಖಾತೆ ತೆರೆದವರು’ ಅನ್ನುವ ಸಾಲಿದ್ದರೆ ನೋಡಿ. ಸ್ವತಃ ತೆರೆದದ್ದಲ್ಲವಾದರೆ ಎರಡನೇ ಸಂದೇಶದಲ್ಲೇ ಕೇಳಿಬಿಡಿ: ‘ಅವರಿಗೆ ಈ ವಿಷಯ ಗೊತ್ತೇ? ಅವರ ಜೊತೆಗೇ ಮಾತಾಡಬಹುದೇ?’ ಮನೆಯವರ ಒತ್ತಾಯಕ್ಕೆ ಬಂದವರ ಜೊತೆ ವಾರಗಟ್ಟಲೆ ಮಾತಾಡಿ ಪ್ರಯೋಜನವಿಲ್ಲ.

ಸಂಗಾತಿ ಕಳೆದುಕೊಂಡವರಿಗೆಂದೇ ಇರುವ ತಾಣಗಳಿಗೆ ಐದಕ್ಕೆ ಐದು ಕೊಡಬೇಕು ಎಂದು ಯಾರಿಗಾದರೂ ಅನಿಸುತ್ತದೆ. ನಮ್ಮ ಲೆಕ್ಕದಲ್ಲಿ ಮೂರೂವರೆ. ವಿವರಣೆ ಕೊಡಬೇಕಾದ ಆಯಾಸ ಅಲ್ಲಿ ಇಲ್ಲ, ‘ಇನ್ನೂ ಮರೆತಿಲ್ವಾ?’ ಎಂದು ಕೇಳುವವರಿಲ್ಲ. ಆದರೆ ಅಲ್ಲಿರುವವರಲ್ಲಿ ಬಹಳಷ್ಟು ಜನ ಸಂಗಾತಿಯನ್ನು ಮಾತ್ರ ಕಳೆದುಕೊಂಡವರು, ಮಕ್ಕಳು ಅವರ ಜೊತೆಗಿದ್ದಾರೆ. ‘ಮಕ್ಕಳ ಮುಖ ನೋಡಿಕೊಂಡು ಬದುಕಿದೆ’ ಅನ್ನುವುದು ಅಲ್ಲಿ ದಿನನಿತ್ಯದ ಮಾತು. ಹೇಳುವವರ ತಪ್ಪಲ್ಲ, ಕೇಳುವವರಿಗೆ ಮಾತ್ರ ಆಗುವುದಿಲ್ಲ. ಇನ್ನೊಂದು ಸಮಸ್ಯೆ ಸದಸ್ಯರ ಸಂಖ್ಯೆ. ದೂರದ ಮಿತಿ 25 ಕಿಲೋಮೀಟರ್ ಇಟ್ಟರೆ ಪಟ್ಟಿ ಖಾಲಿಯಾಗಬಹುದು, 200ಕ್ಕೆ ಏರಿಸಿದರೆ ಭೇಟಿಯೇ ಒಂದು ಪ್ರಯಾಣ. ಹಣ ಕಟ್ಟುವ ಮೊದಲು ಉಚಿತ ಖಾತೆಯಲ್ಲೇ ನಿಮ್ಮ ವಯಸ್ಸಿನ ಆಚೀಚೆ ಎಂಟು ವರ್ಷ, ನಿಮಗೆ ಓಡಾಡಲು ಆಗುವ ದೂರ, ಕಳೆದ 30 ದಿನಗಳಲ್ಲಿ ಲಾಗಿನ್ ಆದವರು, ಇಷ್ಟು ಹಾಕಿ ಎಣಿಸಿ. ಹದಿನೈದು ಜನವೂ ಕಾಣದಿದ್ದರೆ ಹಣ ದಂಡ.

ಏಜೆನ್ಸಿಯ ಗುಣ ಪೂರ್ತಿ ನಡುವೆ ನಿಂತವರ ಮೇಲೆ. ಮೊದಲ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ನನ್ನ ಮಕ್ಕಳ ವಿಷಯವನ್ನು ಎದುರಿನವರಿಗೆ ನೀವು ಯಾವಾಗ, ಯಾವ ಮಾತಲ್ಲಿ ಹೇಳುತ್ತೀರಿ?’ ಉತ್ತರ ತಡವರಿಸಿದರೆ ಎದ್ದು ಬನ್ನಿ.

ದುಃಖಿತರ ಬೆಂಬಲ ಗುಂಪುಗಳು ಈ ಪಟ್ಟಿಗೆ ಸೇರುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗಾಗಿ 1969ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಶುರುವಾದ ‘ದಿ ಕಂಪ್ಯಾಶನೇಟ್ ಫ್ರೆಂಡ್ಸ್’ನಂಥ ಗುಂಪುಗಳಿರುವುದು ಮಗುವಿನ ಬಗ್ಗೆ ಬಾಯಿಬಿಟ್ಟು ಮಾತಾಡಲಿಕ್ಕೆ. ಅಲ್ಲಿ ಸಂಗಾತಿಗಾಗಿ ಕಣ್ಣು ಹಾಯಿಸುತ್ತಾ ಕೂರಬಾರದು. ಆದರೆ ಆ್ಯಪ್ ತೆರೆಯುವ ಮೊದಲು ಇಂಥ ಕಡೆ ಕೆಲವು ತಿಂಗಳು ಕೂತು ಬಂದವರಿಗೆ ಒಂದು ಅನುಕೂಲ ಇದೆ: ನಡೆದದ್ದನ್ನು ಎರಡು ನಿಮಿಷದಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಲು ಬರುತ್ತದೆ. ಸೇವೆಗೆ ಸೇರಬಹುದೇ ಇಲ್ಲವೇ ಎಂದು ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿ.

‘ಒಂದು ವರ್ಷ ಕಾಯಬೇಕು’ ಎಂದು ಊರೆಲ್ಲ ಹೇಳುತ್ತದೆ. ಆ ಅಂಕಿಗೆ ಹತ್ತಿರದ್ದೊಂದು ವೈದ್ಯಕೀಯದಲ್ಲೂ ಇದೆ, ಅದರ ಅರ್ಥ ಮಾತ್ರ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರ ಪ್ರಕಾರ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತಂದ ಮಾನಸಿಕ ಕಾಯಿಲೆಗಳ ಕೈಪಿಡಿ ಡಿಎಸ್‌ಎಂ-5-ಟಿಆರ್ ಪ್ರಕಾರ ವಯಸ್ಕರಲ್ಲಿ 12 ತಿಂಗಳು ಕಳೆದ ಮೇಲೂ ತೀವ್ರ ಹಂಬಲ ತಗ್ಗದೆ ದಿನದ ಬದುಕೇ ನಿಂತುಹೋಗಿದ್ದರೆ ಅದನ್ನು ದೀರ್ಘಕಾಲದ ಶೋಕದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಅದು ಚಿಕಿತ್ಸೆಗೆ ಹೋಗಬೇಕಾದವರನ್ನು ಗುರುತಿಸುವ ಗೆರೆ, ಪ್ರೀತಿಗೆ ಕೊಟ್ಟ ಪರವಾನಗಿ ಅಲ್ಲ. ಅಷ್ಟು ಕಾಲವಾದರೂ ಬಟ್ಟೆ ಒಗೆಯಲು, ಕೆಲಸಕ್ಕೆ ಹೋಗಲು ಆಗುತ್ತಿಲ್ಲವಾದರೆ ಮೊದಲು ಆಪ್ತಸಲಹೆಗಾರರನ್ನು ಕಾಣಬೇಕು.

ಶೋಕ ನೇರ ಗೆರೆಯಲ್ಲಿ ಇಳಿಯುವುದೂ ಇಲ್ಲ. ಶೋಕದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ಮಾದರಿಯಲ್ಲಿ ಮನಸ್ಸು ಎರಡು ಕಡೆ ತೂಗಾಡುತ್ತದೆ: ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ. ಆ್ಯಪ್ ಆರಿಸುವವರಿಗೆ ಇದರಿಂದ ಒಂದು ನೇರ ಪ್ರಯೋಜನ ಇದೆ. ‘ವಿರಾಮ’ ಸೌಲಭ್ಯ ಇದೆಯೇ ನೋಡಿ. ಖಾತೆ ಅಳಿಸದೆ, ಹಳೆಯ ಮಾತುಕತೆ ಹೋಗದೆ, ಹೊಸಬರಿಗೆ ಕಾಣದಂತೆ ವಾರ ಹದಿನೈದು ದಿನ ಮರೆಯಾಗಲು ಬರಬೇಕು. ಇದು ಇಲ್ಲದ ಸೇವೆಗೆ ಒಂದು ಅಂಕ ಕಡಿತ. ಸೂಚನೆಗಳನ್ನು ಮೊದಲ ದಿನವೇ ಬಂದ್ ಮಾಡಿ. ಮಗುವಿನ ಹುಟ್ಟುಹಬ್ಬದ ದಿನ ಬೆಳಗಿನ ಆರಕ್ಕೆ ‘ಯಾರೋ ನಿಮ್ಮನ್ನು ಮೆಚ್ಚಿದ್ದಾರೆ!’ ಎಂದು ಫೋನ್ ಟಿಣ್ ಅನ್ನಬಾರದು.

ಈಗ ವಂಚಕರ ವಿಷಯ. ಹಸಿರೋ ನೀಲಿಯೋ ಟಿಕ್ ಗುರುತು ನೋಡಿ ನಂಬುವವರು ಬಹಳ. ಸೆಲ್ಫಿ ಪರಿಶೀಲನೆ ಹೇಳುವುದು ಇಷ್ಟೇ: ಹಾಕಿರುವ ಫೋಟೋದಲ್ಲಿರುವ ಮುಖ, ಫೋನಿನ ಮುಂದೆ ಕೂತ ಮುಖ ಎರಡೂ ಒಂದೇ. ಮದುವೆ, ಸಾವು, ಕೆಲಸ ಯಾವುದನ್ನೂ ಅದು ಪರೀಕ್ಷಿಸಿರುವುದಿಲ್ಲ. ‘ಸಂಗಾತಿ ತೀರಿಕೊಂಡಿದ್ದಾರೆ’ ಎನ್ನುವುದು ಎಲ್ಲೆಡೆ ಸಾಮಾನ್ಯವಾಗಿ ಅವರವರೇ ಹೇಳಿಕೊಂಡದ್ದು. ಮಾಮೂಲಿ ವೇಷಗಳು: ಸಮುದ್ರದ ನಡುವಿನ ತೈಲ ಬಾವಿಯ ಎಂಜಿನಿಯರ್, ಪರದೇಶದಲ್ಲಿರುವ ಸೇನೆಯ ವೈದ್ಯರು, ಹೆಂಡತಿ ಇಲ್ಲದೆ ಒಬ್ಬಳೇ ಮಗಳನ್ನು ಸಾಕುತ್ತಿರುವ ಗುತ್ತಿಗೆದಾರ. ನಿಮ್ಮ ನಷ್ಟವನ್ನು ಓದಿಕೊಂಡು ಅದಕ್ಕೇ ಜೋಡಿಯಾಗುವ ನಷ್ಟವೊಂದನ್ನು ಹೊಲಿದುಕೊಂಡು ಬರುತ್ತಾರೆ. ನೀವು ಬರೆದಿರುವುದು ಇಬ್ಬರು ಮಕ್ಕಳೆಂದಾದರೆ ಅವರಿಗೂ ಇಬ್ಬರು. ಮೊದಲ ವಾರದಲ್ಲೇ ಆ್ಯಪ್ ಬಿಟ್ಟು ಬೇರೆ ಕಡೆ ಮಾತಾಡೋಣ ಎನ್ನುವುದು, ವಿಡಿಯೋ ಕರೆ ಪ್ರತಿ ಸಲ ಕೆಡುವುದು, ಆಮೇಲೆ ತುರ್ತು ಆಸ್ಪತ್ರೆ ಖರ್ಚು ಅಥವಾ ‘ನಾನು ಹಣ ಹೂಡಿದ ಕಡೆ ನೀವೂ ಸ್ವಲ್ಪ ಹಾಕಿ’ ಎನ್ನುವುದು. ಹೂಡಿಕೆಯ ಮೋಸದಲ್ಲಿ ಮೊದಲ ಸಣ್ಣ ಮೊತ್ತ ಲಾಭ ಸಮೇತ ವಾಪಸ್ ಬರುವುದುಂಟು, ಅದು ಗಾಳಕ್ಕೆ ಸಿಕ್ಕಿಸಿದ ಎರೆ.

ತಡೆಯುವ ದಾರಿ ಕಷ್ಟವೇನಲ್ಲ. ಅವರ ಫೋಟೋವನ್ನು, ಅದು ಅಂತರ್ಜಾಲದಲ್ಲಿ ಬೇರೆಲ್ಲಿದೆ ಎಂದು ತೋರಿಸುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಯಲ್ಲಿ ಹಾಕಿ ಹುಡುಕಿ. ಏನೂ ಸಿಗಲಿಲ್ಲ ಅಂದರೆ ಸಾಚಾ ಎಂದಲ್ಲ, ಬೇರೆ ಹೆಸರಲ್ಲಿ ಸಿಕ್ಕಿತು ಅಂದರೆ ಮಾತ್ರ ಮೋಸದ ಅನುಮಾನ ಗಟ್ಟಿ. ಮೊದಲ ಭೇಟಿಗೆ ಮುಂಚೆ ಹತ್ತು ನಿಮಿಷದ ವಿಡಿಯೋ ಕರೆ ಆಗಲೇಬೇಕು. ನಡುವೆ ಒಮ್ಮೆ ಪೂರ್ತಿ ಪಕ್ಕಕ್ಕೆ ತಿರುಗಲು, ಮುಖದ ಮುಂದೆ ಕೈ ಆಡಿಸಲು ಹೇಳಿ, ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಕೃತಕ ಮುಖವಾದರೆ ಅಂಚುಗಳು ಕದಡುವ ಸಾಧ್ಯತೆ ಹೆಚ್ಚು. ಮುಖತಃ ನೋಡದ ಮನುಷ್ಯರಿಗೆ ಹಣ ಇಲ್ಲ. ಇದಕ್ಕೆ ವಿನಾಯಿತಿ ಬೇಡ.

ಭೇಟಿ ಹಗಲಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ, ಅರವತ್ತರಿಂದ ತೊಂಬತ್ತು ನಿಮಿಷ. ಹೋಗುವುದು ಬರುವುದು ಸ್ವಂತ ವ್ಯವಸ್ಥೆಯಲ್ಲಿ. ಎಲ್ಲಿರುತ್ತೀರಿ ಎಂದು ಒಬ್ಬರಿಗಾದರೂ ತಿಳಿಸಿರಿ. ಮಕ್ಕಳ ವಿಷಯ ಭೇಟಿಗೆ ಮೊದಲೇ ಬರಹದಲ್ಲಿ ಹೇಳಿರಬೇಕು, ಏಕೆಂದರೆ ಎದುರಿಗೆ ಮೊದಲ ಸಲ ಕೇಳಿದವರ ಮುಖದಲ್ಲಿ ಗಾಬರಿ ಕಾಣುತ್ತದೆ, ಆಮೇಲೆ ನೀವೇ ಅವರನ್ನು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತದೆ. ಭೇಟಿ ಹಾಳಾಗುವುದು ಹೆಚ್ಚಾಗಿ ಎರಡು ರೀತಿ: ಪೂರ್ತಿ ಹೊತ್ತು ತೀರಿಹೋದವರದೇ ಮಾತು, ಇಲ್ಲವೇ ಅವರ ಹೆಸರೇ ಬಾರದಂತೆ ಬಿಗಿದುಕೊಂಡ ಮಾತು. ಮೊದಲನೆಯದರಲ್ಲಿ ಎದುರಿನವರು ಕೇಳುಗರಾಗುತ್ತಾರೆ, ಎರಡನೆಯದರಲ್ಲಿ ಪರೀಕ್ಷೆಗೆ ಬಂದವರಾಗುತ್ತಾರೆ. ‘ನನ್ನ ಮಗಳಿಗೂ ಇದು ಇಷ್ಟ ಇತ್ತು’ ಎಂದು ಒಂದು ಮಾತು ಸಹಜವಾಗಿ ಬಂದು ಹೋದರೆ, ಎದುರಿನವರು ‘ಅವಳ ಹೆಸರೇನು?’ ಎಂದು ಕೇಳಿದರೆ, ಎರಡನೇ ಭೇಟಿಗೆ ಧೈರ್ಯವಾಗಿ ಒಪ್ಪಬಹುದು.

ಸಂಬಂಧ ಮೂರು ನಾಲ್ಕು ತಿಂಗಳು ನಿಂತಿತು ಎಂದಾದರೆ ಕೂತು ಒಂದು ಕ್ಯಾಲೆಂಡರ್ ಬರೆಯಿರಿ. ಸಂಗಾತಿಯ ಹುಟ್ಟುಹಬ್ಬ, ತೀರಿದ ದಿನ, ಮದುವೆಯ ದಿನ, ಅಲ್ಲಿಗೆ ಮೂರು. ಇಬ್ಬರು ಮಕ್ಕಳ ಹುಟ್ಟಿದ ದಿನ, ಹೋದ ದಿನ, ನಾಲ್ಕು. ಎಲ್ಲರೂ ಒಂದೇ ದಿನ ಹೋಗಿದ್ದರೆ ಏಳು ಐದಾಗುತ್ತದೆ, ಆ ಒಂದು ದಿನ ಮಾತ್ರ ಮೂರರಷ್ಟು ಭಾರ. ಎದುರಿನವರದೂ ಮೂರು ಸೇರಿಸಿ. ವರ್ಷದ 52 ವಾರಗಳಲ್ಲಿ ಎಂಟು ಹತ್ತು ವಾರ ಒಬ್ಬರಲ್ಲ ಒಬ್ಬರು ಮೌನವಾಗಿರುತ್ತಾರೆ. ಇದು ಗೊತ್ತಿಲ್ಲದಿದ್ದರೆ ಮೌನವನ್ನು ‘ನನ್ನ ಮೇಲೆ ಮನಸ್ಸಿಲ್ಲ’ ಎಂದು ಓದಿಕೊಂಡು ಜಗಳವಾಗುತ್ತದೆ. ಪ್ರತಿ ದಿನಾಂಕದ ಪಕ್ಕ ಒಂದು ಪದ ಸಾಕು: ‘ಒಬ್ಬನೇ’, ‘ಜೊತೆಗೆ’, ಅಥವಾ ‘ಅವತ್ತೇ ನೋಡೋಣ’. ಇಂಥ ಕ್ಯಾಲೆಂಡರಿಗೆ ಯಾವುದಾದರೂ ಆ್ಯಪ್ ಜಾಗ ಕೊಟ್ಟರೆ ಅದಕ್ಕೆ ಐದನೇ ಅಂಕ ಕೊಡಬಹುದು. ಸದ್ಯಕ್ಕೆ ಗೋಡೆಗೆ ತೂಗುಹಾಕುವ ಕಾಗದದ್ದೇ ವಾಸಿ.

ಮರುಮದುವೆಯವರೆಗೆ ಹೋಗುವವರು ಒಂದು ಕಾಗದ ಮೊದಲೇ ಓದಬೇಕು: ಸಂಗಾತಿಯ ಹೆಸರಿನಲ್ಲಿ ಬರುತ್ತಿರುವ ಕುಟುಂಬ ಪಿಂಚಣಿಯ ನಿಯಮ. ಹಲವು ಪಿಂಚಣಿಗಳು ಮರುಮದುವೆಯಾದರೆ ನಿಲ್ಲುತ್ತವೆ. ಬ್ಯಾಂಕ್ ಖಾತೆ, ವಿಮೆಗಳಲ್ಲಿ ನಾಮಿನಿಯಾಗಿ ಇನ್ನೂ ತೀರಿಹೋದವರ ಹೆಸರೇ ಉಳಿದಿರುವುದು ಸಾಮಾನ್ಯ. ಅದನ್ನು ಹೊಸ ಸಂಬಂಧ ಸಿಕ್ಕ ಮೇಲೆ ಬದಲಿಸಿದರೆ ನೂರು ಮಾತು ಬರುತ್ತದೆ, ಆ್ಯಪಿನಲ್ಲಿ ಖಾತೆ ತೆರೆಯುವ ಮೊದಲೇ ಮುಗಿಸಿಕೊಳ್ಳುವುದು ಮೇಲು.

ಚಂದಾ ವಿಷಯದಲ್ಲಿ ಒಂದು ತಿಂಗಳಿಗಿಂತ ಹೆಚ್ಚಿನದು ಕೊಳ್ಳಬೇಡಿ. ಆರು ತಿಂಗಳದ್ದು ಅಗ್ಗ ಎಂದು ಕಾಣುತ್ತದೆ, ಆದರೆ ನಡುವೆ ಎರಡು ತಿಂಗಳು ಆ್ಯಪ್ ಮುಟ್ಟಲೂ ಮನಸ್ಸಾಗದ ಕಾಲ ಬರುತ್ತದೆ. ಹಣ ಕಟ್ಟಿದ ದಿನವೇ ತನ್ನಿಂತಾನೇ ನವೀಕರಣವಾಗುವುದನ್ನು ರದ್ದು ಮಾಡಿ. ಸಾಮಾನ್ಯವಾಗಿ ಕಟ್ಟಿದ ಅವಧಿ ಮುಗಿಯುವವರೆಗೆ ಸೇವೆ ನಡೆಯುತ್ತಲೇ ಇರುತ್ತದೆ. ಬಿಡುವಾಗ ಕ್ರಮ ತಪ್ಪಬಾರದು. ಫೋನಿನ ಆ್ಯಪ್ ಸ್ಟೋರಿನಲ್ಲಿ ಚಂದಾ ರದ್ದು ಮೊದಲು, ಆಮೇಲೆ ಆ್ಯಪಿನ ಒಳಗೆ ಹೋಗಿ ಖಾತೆ ಅಳಿಸುವುದು, ಕೊನೆಗೆ ಫೋನಿನಿಂದ ಆ್ಯಪ್ ತೆಗೆಯುವುದು. ಬರೀ ಆ್ಯಪ್ ತೆಗೆದರೆ ದುಡ್ಡೂ ಕಟ್ಟಾಗುತ್ತಿರುತ್ತದೆ, ನಿಮ್ಮ ಮುಖವೂ ಯಾರದೋ ಪರದೆಯ ಮೇಲೆ ಕಾಣುತ್ತಿರುತ್ತದೆ, ಮತ್ತು ಅದನ್ನು ನೋಡಿದವರು ಯಾರಾದರೂ ನಿಮ್ಮ ಹೊಸ ಸಂಗಾತಿಗೆ ಹೇಳಿಯೇ ಹೇಳುತ್ತಾರೆ.